ಸ್ಟ್ರೋಕ್ ಚಿಕಿತ್ಸೆ ಸುಧಾರಿಸಲು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ಪಿಎಚ್‌ಡಿ ಮಾಡುವವರು ಏನು ಮಾಡುತ್ತಾರೆ?

ರೋಗಿಯ ಮೇಲೆ ಮಾಡಲಾಗದ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತಾರೆ. ಮೆದುಳಿನ ದೊಡ್ಡ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಂಡು ಸ್ಟ್ರೋಕ್ ಆದರೆ, ಸಾಮಾನ್ಯವಾಗಿ ತೊಡೆಸಂದಿಯಿಂದ ತೆಳು ಕೊಳವೆ ತೂರಿಸಿ, ಪುಟ್ಟ ತಂತಿಬಲೆಯಲ್ಲಿ ಅದನ್ನು ಹಿಡಿದು ಹೊರಗೆಳೆಯುತ್ತಾರೆ. ಎಲ್ಲಾ ಹೆಪ್ಪೂ ಒಂದೇ ತರ ಇರುವುದಿಲ್ಲ ಅಲ್ವಾ? ಕೆಂಪು ರಕ್ತಕಣ ಜಾಸ್ತಿ ಇದ್ದರೆ ಮೆತ್ತಗೆ, ಎಳೆಯುವಾಗ ಚೂರಾಗಿ ಇನ್ನೂ ಮುಂದೆ ಹೋಗಿ ಅಡ್ಡಗಟ್ಟಬಹುದು. ಫೈಬ್ರಿನ್ ಎಂಬ ನಾರು ಜಾಸ್ತಿ ಇದ್ದರೆ ಗಟ್ಟಿ, ಬಲೆಗೆ ಸಿಗದೆ ಜಾರಬಹುದು. ಹಾಗಾಗಿ ಸ್ಕ್ಯಾನ್‌ನಿಂದ ನಾಳದ ಆಕಾರ ತೆಗೆದುಕೊಂಡು, ಹೆಪ್ಪಿನ ಗಡಸುತನ ಬದಲಿಸುತ್ತಾ ಅದೇ ಎಳೆತವನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಾರೆ. 2017ರಲ್ಲಿ ಯುರೋಪಿನಲ್ಲಿ ಶುರುವಾದ ಇನ್‌ಸಿಸ್ಟ್ ಯೋಜನೆಯಲ್ಲಿ ಆಮ್‌ಸ್ಟರ್‌ಡ್ಯಾಮ್, ಮಿಲಾನ್, ಆಕ್ಸ್‌ಫರ್ಡ್ ಸಂಶೋಧಕರು ಹಿಡಿದದ್ದು ಇದೇ ದಾರಿ. ಆ ಲೆಕ್ಕವನ್ನು ನಿಜವಾದ ರೋಗಿಗಳ ಫಲಿತಾಂಶದ ಜೊತೆ ತಾಳೆ ನೋಡುವುದಿದೆಯಲ್ಲ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕಷ್ಟದ ಭಾಗ.