ಹತ್ತಡಿ ಹಳ್ಳಕ್ಕೆ ಸ್ಯಾಟಲೈಟ್ ಯಾಕೆ?

ಪ್ರಶ್ನೆ: ಜಿಪಿಎಸ್ ಸಿಗ್ನಲ್ ನೀರಿಗೆ ಬಡಿದು ವಾಪಸ್ ಬರುವುದನ್ನು ಹಿಡಿದು ನೀರಿನ ಮಟ್ಟ ಲೈವ್ ಆಗಿ ಹೇಳಬಹುದಂತೆ. ನಮ್ಮ ತೋಟದ ಹಳ್ಳಕ್ಕೆ ಹಾಕಿಸಬಹುದಾ? (ಸಕಲೇಶಪುರ)

ಉತ್ತರ: ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ಆರನೇ ಸಲ. ಹಳ್ಳ ಎಷ್ಟು ಅಗಲ ಅಂತ ಒಬ್ಬರೂ ಬರೆದಿಲ್ಲ. ವಿಷಯ ಇರುವುದೇ ಅಲ್ಲಿ.

ದಡದ ಕಂಬದ ಮೇಲಿರುವ ಆಂಟೆನಾಗೆ ನೇರ ಸಿಗ್ನಲ್ಲೂ ಬರುತ್ತದೆ, ನೀರಿಗೆ ಬಡಿದದ್ದೂ ಬರುತ್ತದೆ. ಎರಡೂ ಬೆರೆತು, ಸ್ಯಾಟಲೈಟ್ ಮೇಲೇರಿದಂತೆ ಸಿಗ್ನಲ್ ಒಮ್ಮೆ ಜೋರಾಗುತ್ತದೆ, ಒಮ್ಮೆ ಕುಗ್ಗುತ್ತದೆ. ಆ ಏರಿಳಿತ ಎಣಿಸಿದರೆ ಮಟ್ಟ ಸಿಗುತ್ತದೆ. ಆಂಟೆನಾದಿಂದ 5 ಮೀಟರ್ ಕೆಳಗೆ ನೀರಿದ್ದರೆ, ಸ್ಯಾಟಲೈಟ್ ದಿಗಂತದಿಂದ 5 ಡಿಗ್ರಿ ಮೇಲಿದ್ದದ್ದು 20 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 13 ಏರಿಳಿತ. ನೀರು ಉಕ್ಕಿ ಅಂತರ 3 ಮೀಟರ್ ಆದರೆ 8 ಅಷ್ಟೇ. ಒಂದು ಸ್ಯಾಟಲೈಟ್ ಅಷ್ಟು ಏರಲು ಅರ್ಧ ಗಂಟೆಯಾದರೂ ಬೇಕು. ಜಿಪಿಎಸ್ ಜೊತೆಗೆ ಅದರಂಥದ್ದೇ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಸ್ಯಾಟಲೈಟ್ ಎಲ್ಲವನ್ನೂ ಸೇರಿಸಿಕೊಂಡು, ಸಿಗ್ನಲ್ ಬಂದಹಾಗೆಲ್ಲ ಲೆಕ್ಕ ತಿದ್ದುತ್ತಾ ಹೋದರೆ ಮಾತ್ರ ಅದು ಲೈವ್. ಆಗಲೂ ಕೆಲವು ಸೆಂಟಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಈಗ ನಿಮ್ಮ ಹಳ್ಳ. ಅದೇ 5 ಮೀಟರ್ ಎತ್ತರಕ್ಕೆ, 5 ಡಿಗ್ರಿಯ ಸಿಗ್ನಲ್ ಬಡಿಯುವುದು ಕಂಬದಿಂದ 57 ಮೀಟರ್ ಆಚೆ. 20 ಡಿಗ್ರಿಯದ್ದು 14 ಮೀಟರ್ ಆಚೆ. ಹತ್ತಡಿ ಹಳ್ಳವಾದರೆ ಅಲ್ಲಿರುವುದು ನೀರಲ್ಲ, ಕಾಫಿ ಗಿಡ! ಮೇಲೆ ಸಿಲ್ವರ್ ಓಕ್ ಬೇರೆ. ಗೊರೂರು ಹಿನ್ನೀರಿನಂಥ ಬಯಲು ನೀರಿಗೆ ಇದು ಹೇಳಿ ಮಾಡಿಸಿದ್ದು. ಉಪಕರಣ ನೀರಿಗೆ ಇಳಿಯುವುದೇ ಇಲ್ಲ, ಹಾಗಾಗಿ ಹೂಳು ಕಟ್ಟುವ ರಗಳೆಯಿಲ್ಲ. ನಿಮಗೆ ಅಡಿ ಗುರುತು ಹಾಕಿದ ಒಂದು ಕಲ್ಲು ಕಂಬ ಸಾಕು.

ದೊಡ್ಡ ಕೆರೆಯಲ್ಲೂ ನಾನು ಒಮ್ಮೆ ಬೇಸ್ತು ಬಿದ್ದಿದ್ದೇನೆ. ಎರಡು ದಿನ ಚೆನ್ನಾಗಿ ಬಂದ ಅಳತೆ ಮೂರನೇ ದಿನ ಕಲಸುಮೇಲೋಗರ. ವೈರು, ಬ್ಯಾಟರಿ ಎಲ್ಲ ತಡಕಾಡಿ, ಕೊನೆಗೆ ತಲೆ ಎತ್ತಿ ನೋಡಿದರೆ, ಗಾಳಿಗೆ ತೇಲಿ ಬಂದ ಅಂತರಗಂಗೆ ಕಳೆ ಆ ಮೂಲೆ ಪೂರ್ತಿ ಹರಡಿಕೊಂಡು ಕೂತಿತ್ತು. ಅವತ್ತಿನಿಂದ ಪಕ್ಕದಲ್ಲೊಂದು ಅಳತೆ ಪಟ್ಟಿ ಇಲ್ಲದೆ ನಾನು ಆಂಟೆನಾ ನಿಲ್ಲಿಸುವುದಿಲ್ಲ.

ಪ್ರಶ್ನೆ: ಮೊಬೈಲ್ ತೋರಿಸುವ ಎತ್ತರ ನೋಡಿ ಕೆರೆ ಮಟ್ಟ ಬರೆದಿಡಬಹುದಾ? (ಬೇಲೂರು)

ಉತ್ತರ: ಬೇಡ, ಸುಮ್ನೆ ನಿಂತಲ್ಲೇ ಅದು ಹಲವು ಮೀಟರ್ ಆಚೀಚೆ ಆಗುತ್ತದೆ.

ಪ್ರಶ್ನೆ: ಸ್ಯಾಟಲೈಟ್ ಮಷೀನ್ ತಂದು ಬೋರ್‌ವೆಲ್ ಪಾಯಿಂಟ್ ಹೇಳುತ್ತಾರಲ್ಲ, ನಂಬಬಹುದಾ? (ಕಡೂರು)

ಉತ್ತರ: ಜಿಪಿಎಸ್ ಸಿಗ್ನಲ್ 600 ಅಡಿ ಆಳಕ್ಕೆ ಇಳಿಯುವುದಿಲ್ಲ. ಅವರಿಗೆ ಅಡ್ವಾನ್ಸ್ ಕೊಡಬೇಡಿ. ತೆಂಗಿನಕಾಯಿ ಹಿಡಿದು ನೀರು ನೋಡುವವರದ್ದೂ ಇದೇ ಕಥೆ. ಆದರೆ ಅಲ್ಲಿ ಚಟ್ನಿಗೆ ಕಾಯಿಯಾದರೂ ಉಳಿಯುತ್ತದೆ.