ಪಾಲಿಮರ್ ಸೆನ್ಸರ್ ನಿಜಕ್ಕೂ ಅಷ್ಟು ನಿಧಾನವೇ?

ಕಾರ್ಬನ್ ಬ್ಲ್ಯಾಕ್ (ಇಂಗಾಲದ ನುಣ್ಣನೆಯ ಪುಡಿ) ಬೆರೆಸಿದ ಪಾಲಿಮರಿನಿಂದ, ಅಂದ್ರೆ ಉದ್ದ ಸರಪಳಿಯಂಥ ಅಣುಗಳ ರಬ್ಬರ್ ಅಥವಾ ಪ್ಲಾಸ್ಟಿಕ್ಕಿನಿಂದ, ಆವಿ ಪತ್ತೆಹಚ್ಚುವ ಸೆನ್ಸರ್ ಮಾಡಿದ್ದೀರಿ. ಟೊಲ್ಯೂಈನ್ (ಪೇಂಟ್ ಥಿನ್ನರಿನಲ್ಲಿರುವ ದ್ರಾವಕ) ಆವಿ ಬಿಟ್ಟರೆ ಅದರ ವಿದ್ಯುತ್ ರೋಧ ಏರಿ ನಿಲ್ಲೋಕೆ ಎರಡು ಮೂರು ನಿಮಿಷ ಬೇಕಾಗುತ್ತಿದೆ. ಪಾಲಿಮರ್ ಅಂದ್ರೆ ಇಷ್ಟೇನಾ ಅಂತ ಕೇಳಿದ್ದೀರಿ.

ಅಲ್ಲ. ಮೆತ್ತನೆಯ ಪಾಲಿಮರನ್ನು ತೆಳ್ಳಗೆ ಹಚ್ಚಿದ್ದರೆ ಅದು ಒಂದು ಸೆಕೆಂಡಿನ ಆಸುಪಾಸಿನ ಕೆಲಸ. ಇಂಥ ದೂರು ಕೇಳಿದಾಗ ನಾನು ಮೊದಲು ನೋಡೋದು ಪಾಲಿಮರನ್ನಲ್ಲ, ಗಾಳಿ ಬರುವ ದಾರಿಯನ್ನು.

ಲೆಕ್ಕ ಹಾಕಿ ನೋಡಿ. ಸೆನ್ಸರ್ ಇಟ್ಟ ಡಬ್ಬಿ 200 ಮಿಲಿಲೀಟರಿನದು, ಗಾಳಿಯ ಹರಿವು ನಿಮಿಷಕ್ಕೆ 200 ಮಿಲಿಲೀಟರ್ ಅಂದುಕೊಳ್ಳಿ. ಹೊಸ ಗಾಳಿ ಹಳೆಯದರ ಜೊತೆ ಬೆರೆಯುತ್ತಾ ಬರುವುದರಿಂದ ಒಳಗಿನ ಆವಿ 90 ಶೇಕಡಾ ಮಟ್ಟ ಮುಟ್ಟಲು ಸುಮಾರು 2.3 ನಿಮಿಷ ಬೇಕು. ಸೆನ್ಸರ್ ಎಷ್ಟೇ ಚುರುಕಾಗಿದ್ದರೂ ಅದಕ್ಕಿಂತ ಮೊದಲು ಏನು ತೋರಿಸೀತು? ಸಾಲದ್ದಕ್ಕೆ, ರಬ್ಬರ್ ಕೊಳವೆ ಬಳಸಿದ್ದರೆ ಅದೇ ಟೊಲ್ಯೂಈನನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತದೆ. ಟೆಫ್ಲಾನ್ ಕೊಳವೆ ಹಾಕಿ.

ತಪ್ಪು ಎಲ್ಲಿದೆ ಅಂತ ತಿಳಿಯೋದು ಸುಲಭ. ಆವಿಯ ಪ್ರಮಾಣ ಅಷ್ಟೇ ಇಟ್ಟು ಹರಿವನ್ನು ದುಪ್ಪಟ್ಟು ಮಾಡಿ. ಸಮಯ ಅರ್ಧಕ್ಕೆ ಇಳಿದರೆ ಡಬ್ಬಿಯದೇ ಕಾಟ. ಹೆಚ್ಚೇನೂ ಬದಲಾಗದಿದ್ದರೆ ಪಾಲಿಮರ್ ಪದರವೇ ನಿಧಾನ.

ಪದರದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅದರ ದಪ್ಪ. ಆವಿ ಪಾಲಿಮರಿನೊಳಗೆ ಇಳಿಯಬೇಕು, ಪಾಲಿಮರ್ ಉಬ್ಬಬೇಕು, ಇಂಗಾಲದ ಕಣಗಳು ದೂರ ಸರಿಯಬೇಕು. ಆಗಲೇ ರೋಧ ಏರೋದು. ಇಳಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಪದರಕ್ಕೆ ಒಂದು ಸೆಕೆಂಡ್ ಹಿಡಿದರೆ 10 ಮೈಕ್ರಾನಿಗೆ ಹತ್ತಲ್ಲ, ನೂರು ಸೆಕೆಂಡ್! ಹನಿ ಬಿಟ್ಟು ಒಣಗಿಸಿದ ಪದರಗಳಲ್ಲಿ ಇದೇ ತಾಪತ್ರಯ. ಅಂಚಿನಲ್ಲಿ ಪಾಲಿಮರ್ ದಪ್ಪಗೆ ಕೂತಿರುತ್ತದೆ. ನಡುವಿನ ಭಾಗ ಬೇಗ ಏರಿ, ಉಳಿದದ್ದು ತೆವಳುತ್ತಾ ಬರುತ್ತದೆ. ನಿಮ್ಮ ಗ್ರಾಫಿನಲ್ಲಿ ಅಂಥ ಬಾಲ ಕಾಣುತ್ತಾ? ಹಾಗಿದ್ದರೆ ತೆಳು ದ್ರಾವಣ ಮಾಡಿ ಸ್ಪ್ರೇ ಮಾಡಿ ನೋಡಿ.

ಆಮೇಲೆ ಪಾಲಿಮರಿನ ಜಾತಿ. ಸಿಲಿಕೋನ್ ರಬ್ಬರಿನ ಸರಪಳಿಗಳು ಕೋಣೆಯ ತಾಪದಲ್ಲಿ ಸದಾ ಅಲುಗಾಡುತ್ತಿರುತ್ತವೆ, ಆವಿಗೆ ದಾರಿ ಸಲೀಸು. ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗೂ ಗಾಜಿನಂತೆ ಬಿಗಿ. ಅದರಲ್ಲಿ ಸಾವಿರ ಪಟ್ಟು ನಿಧಾನವಾದರೂ ಆಶ್ಚರ್ಯವಿಲ್ಲ. ಹಾಗಂತ ರಬ್ಬರೆಲ್ಲಾ ಚುರುಕು ಅಂತಲೂ ಅಲ್ಲ. ಪಾಲಿಐಸೊಬ್ಯುಟಿಲೀನ್ ಮೆತ್ತಗಿದ್ದರೂ ಅದರ ಸರಪಳಿಗಳು ಒತ್ತೊತ್ತಾಗಿವೆ. ಅದೇ ಜಾತಿಯ ಬ್ಯುಟೈಲ್ ರಬ್ಬರಿನಲ್ಲಿ ಟಯರಿನ ಟ್ಯೂಬ್ ಮಾಡೋದು ಸುಮ್ನೆ ಅಲ್ಲ, ಗಾಳಿ ಸುಲಭವಾಗಿ ಸೋರಲ್ಲ ಅಂತ.

ಬಿಸಿ ಮಾಡಿದರೆ ಬೇಗ ಆಗಲ್ವಾ ಅಂತ ಮುಂದೆ ಕೇಳ್ತೀರಿ. ಆಗುತ್ತದೆ. ಆದರೆ ಬಿಸಿ ಪಾಲಿಮರ್ ಕಡಿಮೆ ಆವಿ ಹಿಡಿದುಕೊಳ್ಳುತ್ತದೆ, ಸಿಗ್ನಲ್ ಕುಗ್ಗುತ್ತದೆ. ನಾನಾದರೆ ಅಳೆಯುವಾಗ ತಣ್ಣಗೇ ಇಟ್ಟು, ಒಂದು ಅಳತೆ ಮುಗಿದ ಮೇಲೆ ಆವಿ ಓಡಿಸೋಕೆ ಮಾತ್ರ ಬಿಸಿ ಮಾಡ್ತೀನಿ.

ಪದರದ ದಪ್ಪ, ಡಬ್ಬಿಯ ಗಾತ್ರ, ಹರಿವು ಎಷ್ಟು ಅಂತ ತಿಳಿಸಿದರೆ ನಿಮ್ಮದೇ ಲೆಕ್ಕ ಹಾಕಿ ಹೇಳಬಹುದು.