ಮ್ಯಾಡ್ರಿಡ್‌ನಲ್ಲಿ ಅರ್ಧ ದಿನವಷ್ಟೇ ಸಿಕ್ಕರೆ ರೇನಾ ಸೋಫಿಯಾ ವಸ್ತುಸಂಗ್ರಹಾಲಯವನ್ನು ಹೇಗೆ ನೋಡಬೇಕು?

ಇಡೀ ಸಂಗ್ರಹವನ್ನು ನೋಡಿ ಮುಗಿಸುವ ಆಸೆ ಬಿಟ್ಟು, ಎರಡನೆಯ ಮಹಡಿಯಲ್ಲಿರುವ ಪಿಕಾಸೊ ಅವರ ‘ಗೆರ್ನಿಕಾ’ ಚಿತ್ರಕ್ಕೂ ಅದರ ಆಸುಪಾಸಿನ ಕೋಣೆಗಳಿಗೂ ನಿಮ್ಮ ಹೆಚ್ಚಿನ ಸಮಯವನ್ನು ಮೀಸಲಿಡುವುದೇ ಉತ್ತಮ.

ಸ್ಪೇನ್‌ನ ಅಂತರ್ಯುದ್ಧದ ವೇಳೆ, 1937ರ ಏಪ್ರಿಲ್ 26ರಂದು, ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಉತ್ತರ ಸ್ಪೇನ್‌ನ ಬಾಸ್ಕ್ ಪ್ರದೇಶದ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದ ಸುದ್ದಿ ತಿಳಿದು, ಅದೇ ವರ್ಷದ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದ ಸ್ಪೇನ್ ಮಂಟಪಕ್ಕಾಗಿ ಅವರು ರಚಿಸಿದ ಈ ಚಿತ್ರ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲವಿದೆ. ಮೊದಲು ದೂರದಿಂದ ಇಡಿಯಾಗಿ ನೋಡಿ. ಬಳಿಕ ಎಡಬದಿಯಲ್ಲಿ ಸತ್ತ ಮಗುವನ್ನು ಹಿಡಿದು ಗೋಳಿಡುವ ತಾಯಿಯನ್ನೂ ನಡುವೆ ಗಾಯಗೊಂಡು ಚೀರುವ ಕುದುರೆಯನ್ನೂ ಗಮನಿಸಿ. ಚಿತ್ರ ರೂಪುಗೊಂಡ ಹಂತಗಳನ್ನು ಪಿಕಾಸೊ ಅವರ ಸಂಗಾತಿಯಾಗಿದ್ದ ಛಾಯಾಗ್ರಾಹಕಿ ಡೋರಾ ಮಾರ್ ಸೆರೆಹಿಡಿದ ಛಾಯಾಚಿತ್ರಗಳು ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯ: ಬಿದ್ದ ಯೋಧ ಮೊದಮೊದಲು ಮೇಲೆತ್ತಿದ್ದ ಮುಷ್ಟಿ ಅಂತಿಮ ಚಿತ್ರದಲ್ಲಿ ಇಲ್ಲವೆಂಬುದು ಅವುಗಳಿಂದ ತಿಳಿಯುತ್ತದೆ. ಫ್ರಾಂಕೊ ಸರ್ವಾಧಿಕಾರದಲ್ಲಿದ್ದ ಸ್ಪೇನ್‌ನಲ್ಲಿ ಪ್ರಜೆಗಳ ಸ್ವಾತಂತ್ರ್ಯ ಮರಳುವವರೆಗೆ ಅಲ್ಲಿಗೆ ಕಳುಹಿಸಕೂಡದೆಂಬ ಪಿಕಾಸೊ ಇಚ್ಛೆಯಂತೆ ನ್ಯೂಯಾರ್ಕ್‌ನಲ್ಲಿ ಉಳಿದಿದ್ದ ಈ ಕೃತಿ 1981ರಲ್ಲಿ ಸ್ಪೇನ್‌ಗೂ 1992ರಲ್ಲಿ ಈ ಸಂಗ್ರಹಾಲಯಕ್ಕೂ ಬಂತು.

ಸಮಯ ಉಳಿದರೆ ಸ್ಪೇನ್‌ನ ಇತರ ಕಲಾವಿದರಾದ ಡಾಲಿ, ಮಿರೊ ಅವರ ಕೃತಿಗಳನ್ನು ನೋಡಬಹುದು. ಹಳೆಯ ಆಸ್ಪತ್ರೆಯ ಕಟ್ಟಡದಲ್ಲಿರುವ ಈ ಸಂಗ್ರಹಾಲಯ ಅಟೋಚಾ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರದಲ್ಲಿದೆ, ಮಂಗಳವಾರ ಮುಚ್ಚಿರುತ್ತದೆ.